ದಾಖಲೆಗೆ ಸೇರದ ಜಿಗಿತ, ಐವತ್ತು ವರ್ಷ ನಡೆದ ಅಂಗಡಿ

ರಾಯಚೂರು, ದೇವದುರ್ಗ, ಮಾನ್ವಿಯ ಬಿಸಿಲು ಕುಡಿದು ಬಂದ ನಮ್ಮಂಥವರಿಗೆ ಹಿಮ ಅಂದರೆ ದೂರ ನಿಂತು ಫೋಟೋ ತೆಗೆಯುವ ಸಂಗತಿ. ನಾವೀಗಿರುವ ಸಿಯಾಟಲ್‌ನ ಹುಡುಗರು ಮಾತ್ರ ಡಿಸೆಂಬರ್ ಬಂತೆಂದರೆ ಸ್ಕೀ ಹೊತ್ತು ಹೊರಟೇಬಿಡುತ್ತಾರೆ. ಈ ಹುಚ್ಚು ಹತ್ತಿಸಿದ್ದರಲ್ಲಿ ರೈಲಿನ ಪಾಲು ದೊಡ್ಡದು. ಮಿಲ್ವಾಕೀ ರೋಡ್ ರೈಲು ಕಂಪನಿ 1938ರಲ್ಲಿ ಸ್ನೊಕ್ವಾಲ್ಮಿ ಘಾಟಿನ ಹಯಾಕ್‌ನಲ್ಲಿ ಸ್ಕೀ ಮೈದಾನ ತೆರೆಯಿತು. ಈಗ ಸೌಂಡ್ ಟ್ರಾನ್ಸಿಟ್ ಕಚೇರಿಯಿರುವ ಯೂನಿಯನ್ ಸ್ಟೇಷನ್ನಿನಲ್ಲಿ ಹತ್ತಿದರೆ, ಸುರಂಗ ದಾಟಿ ಹಿಮದ ಬುಡಕ್ಕೇ ಇಳಿಯಬಹುದಿತ್ತು. ಸಿಯಾಟಲ್ ಟೈಮ್ಸ್ ಪತ್ರಿಕೆ ಹೈಸ್ಕೂಲ್ ಮಕ್ಕಳಿಗೆ ಅಲ್ಲಿ ಪುಕ್ಕಟೆ ಪಾಠ ನಡೆಸಿತು. ರೈಲು ಊರಿಗೆ ಏನು ಮಾಡುತ್ತದೆಂದು ರಾಯಚೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. 1871ರಲ್ಲಿ ಮುಂಬೈ, ಮದ್ರಾಸ್ ಹಳಿಗಳು ಕೂಡಿದ್ದೇ ಅಲ್ಲಿ. ರೈಲು ಹಿಡಿಯಲು ಬಸ್ಸು ಹತ್ತಿ ರಾಯಚೂರಿಗೆ ಬರಬೇಕಿದ್ದ ಮಾನ್ವಿಯವರಿಗೆ ಇನ್ನೂ ಚೆನ್ನಾಗಿ ಗೊತ್ತು.

ಈ ಸ್ಕೀ ರೈಲಿಗಿಂತ ಒಂದು ವರ್ಷ ಮೊದಲೇ ನಾರ್ವೆಯ ಓಲಾವ್ ಉಲ್ಲಂಡ್ ಇಲ್ಲಿಗೆ ಬಂದಿದ್ದರು, ಸಿಯಾಟಲ್ ಸ್ಕೀ ಕ್ಲಬ್ಬಿನವರಿಗೆ ಜಿಗಿತ ಕಲಿಸಲು. ಹುಟ್ಟಿದ್ದು 1910ರಲ್ಲಿ, ಬೆಳ್ಳಿ ಗಣಿಯ ಊರಾದ ಕಾಂಗ್ಸ್‌ಬರ್ಗ್‌ನಲ್ಲಿ. (ಹಟ್ಟಿಯ ಜಿಲ್ಲೆಯವರಿಗೆ ಗಣಿ ಊರು ಹೊಸದೇನಲ್ಲ.) ಆಗಿನ ಜಿಗಿತದ ಸ್ಕೀ ಎಂದರೆ ಆಳಿಗಿಂತ ಉದ್ದದ ಹಿಕರಿ ಮರದ ಹಲಗೆ, ಹಿಮದ ಮೇಲೆ ನೇರ ಓಡಲೆಂದು ಅಡಿಯಲ್ಲಿ ಮೂರು ಗೀರು ಕೊರೆದಿರುತ್ತಿದ್ದರು. 1935ರಲ್ಲಿ ಇಟಲಿಯ ಪೋಂಟೆ ದಿ ಲೆನ್ಯೋದಲ್ಲಿ ಉಲ್ಲಂಡ್ 103.5 ಮೀಟರ್ ಹಾರಿದರು. ಅಲ್ಲಿಯವರೆಗೆ ನೂರು ದಾಟಿದವರೇ ಇರಲಿಲ್ಲ. ಆದರೆ ಇಳಿಯುವಾಗ ಕೈ ಹಿಮಕ್ಕೆ ತಾಗಿತು. ಅಷ್ಟಕ್ಕೇ ದಾಖಲೆ ಕೈತಪ್ಪಿತು. ಮರುವರ್ಷ ಪ್ಲಾನಿಸಾದಲ್ಲಿ 101.5 ಮೀಟರ್ ಹಾರಿ ನೆಟ್ಟಗೆ ನಿಂತ ಆಸ್ಟ್ರಿಯಾದ ಯೋಸೆಫ್ ಬ್ರಾಡ್ಲ್ ನೂರು ದಾಟಿದ ಮೊದಲಿಗರೆಂಬ ಹೆಸರು ಪಡೆದರು.

ಸಿಯಾಟಲ್ ಉಲ್ಲಂಡರನ್ನು ನೆನೆಯುವುದು ಸ್ಕೀ ಸಾಮಾನಿನ ಅಂಗಡಿಯಿಂದ. ಸ್ಕಾಟ್ ಓಸ್ಬಾರ್ನ್ ಜತೆ 1941ರಲ್ಲಿ ತೆರೆದ 'ಓಸ್ಬಾರ್ನ್ ಅಂಡ್ ಉಲ್ಲಂಡ್' ಐವತ್ತು ವರ್ಷಕ್ಕೂ ಮೀರಿ ನಡೆಯಿತು. ಅದರ 'ಸ್ನಿಯಾಗ್ರಾಬ್' ಸೇಲ್ ಊರಿನಲ್ಲಿ ಮನೆಮಾತಾಗಿತ್ತು. ಬಾರ್ಗೇನ್ಸ್ ಅನ್ನು ತಿರುಗಿಸಿ ಬರೆದ ಹೆಸರದು. ಜಿಗಿತಕ್ಕಿಂತ ಊರಿಗೆ ಈ ಅಂಗಡಿಯೇ ದೊಡ್ಡ ಕೆಲಸವೆಂದು ನನಗೆ ಅನ್ನಿಸುತ್ತದೆ. ನೂರು ಮೀಟರ್ ಹಾರುವವರು ಎಷ್ಟು ಮಂದಿ? ಕಾಲಿಗೆ ಸರಿಹೊಂದುವ ಬೂಟು ಎಲ್ಲರಿಗೂ ಬೇಕು. ಹಾಗಂತ ಕಲಿಸುವುದನ್ನು ಅವರು ಬಿಡಲಿಲ್ಲ. 1956ರ ಕೊರ್ಟಿನಾ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಜಿಗಿತಗಾರರಿಗೆ ಅವರೇ ಕೋಚ್. 1981ರಲ್ಲಿ ಅಮೆರಿಕದ ಸ್ಕೀ ಹಾಲ್ ಆಫ್ ಫೇಮ್ ಸೇರಿದರು, 2003ರಲ್ಲಿ ತೀರಿಕೊಂಡರು.

ಇದೆಲ್ಲ ನಾರ್ವೆಯವರ ಬಾಬತ್ತು ಎನ್ನುವವರಿಗೆ ಒಂದು ಸುದ್ದಿ: ಕೊಡಗಿನ ಭವಾನಿ ತೆಕ್ಕಡ ನಂಜುಂಡ 2025ರಲ್ಲಿ ಚಿಲಿಯಲ್ಲಿ ಕ್ರಾಸ್-ಕಂಟ್ರಿ ಸ್ಕೀ ಓಟದಲ್ಲಿ ಕಂಚು ಗೆದ್ದಿದ್ದಾರೆ. ಅವರು ಈ ಕಡೆ ಬಂದರೆ ನಮ್ಮ ರಾಜ್ಯೋತ್ಸವಕ್ಕೆ ಕರೆಯಲು ಸಮಿತಿಯವರು ಮನಸ್ಸು ಮಾಡಬೇಕು.