ಒಣಗಲು ಬೇಕಾದ ಕಾಲ: ಕಾರಿನ ಬಣ್ಣದ ಕಥೆ

ಕಿಟಕಿಯ ಸರಳಿಗೆ, ಮನೆಯ ಗೇಟಿಗೆ ಹಚ್ಚುವ ಎನಾಮಲ್ ಬಣ್ಣದ ಡಬ್ಬಿಯನ್ನು ನೀವು ನೋಡಿಯೇ ಇರುತ್ತೀರಿ. ಅದೇ ಬಣ್ಣವನ್ನು ಅಂಗಳದಲ್ಲಿ ನಿಂತ ಹಳೆಯ ಕಾರಿಗೆ ಬ್ರಷ್ಷಿನಿಂದ ಬಳಿಯಬಹುದೇ? ಯಾರಾದರೂ ಹಾಗೆ ಮಾಡಿದರೆ ನೋಡಿದವರು ನಗುವುದುಂಟು. ಆದರೆ ಮೋಟಾರು ಕಾರಿನ ಮೊದಲ ದಿನಗಳಲ್ಲಿ ಕಾರ್ಖಾನೆಗಳೇ ಮಾಡುತ್ತಿದ್ದುದು ಹೆಚ್ಚುಕಡಿಮೆ ಇದನ್ನೇ. ಮುಂದೆ ಅವು ಈ ವಿಧಾನವನ್ನು ಕೈಬಿಟ್ಟವು. ಬಣ್ಣ ಕೆಟ್ಟದ್ದೆಂದಲ್ಲ, ಒಣಗುವುದು ನಿಧಾನವೆಂದು. ಈ 'ನಿಧಾನ'ದ ಹಿಂದೆ ಒಂದು ಇತಿಹಾಸವಿದೆ, ಸ್ವಲ್ಪ ರಸಾಯನಶಾಸ್ತ್ರವೂ ಇದೆ.

ಸಾರೋಟಿನಿಂದ ಕಾರಿಗೆ

ಮೊದಮೊದಲ ಕಾರುಗಳಿಗೆ ಬಣ್ಣ ಬಳಿದ ರೀತಿ ಕುದುರೆ ಸಾರೋಟಿನಿಂದ ಬಂದದ್ದು. ಬಣ್ಣದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಅರೆಯುವುದು, ಬ್ರಷ್ಷಿನಿಂದ ಒಂದು ಪದರ ಬಳಿಯುವುದು, ಒಣಗಿದ ಮೇಲೆ ಉಜ್ಜಿ ನಯಗೊಳಿಸುವುದು, ಮತ್ತೆ ಇನ್ನೊಂದು ಪದರ, ಕೊನೆಗೆ ವಾರ್ನಿಷ್. ಒಂದು ಕಾರು ಮುಗಿಯಲು ವಾರಗಳೇ ಹಿಡಿಯುತ್ತಿದ್ದವು.

ಇಷ್ಟು ತಡವೇಕೆ? ಅಗಸೆ ಎಣ್ಣೆ ಒಣಗುವುದು ಒದ್ದೆ ಬಟ್ಟೆ ಒಣಗಿದಂತಲ್ಲ. ಬಟ್ಟೆಯಿಂದ ನೀರು ಆವಿಯಾಗಿ ಹೋಗುತ್ತದೆ. ಅದು ಭೌತ ಬದಲಾವಣೆ. ಎಣ್ಣೆಯಾದರೋ ಗಾಳಿಯ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ಅದರ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಗಟ್ಟಿಯಾದ ಬಲೆಯಾಗುತ್ತವೆ. ಇದು ರಾಸಾಯನಿಕ ಬದಲಾವಣೆ. ಈ ಕೆಲಸಕ್ಕೆ ಗಂಟೆಗಳಲ್ಲ, ದಿನಗಳು ಬೇಕು.

ಕಾರ್ಖಾನೆಯ ಅವಸರ

1913ರಲ್ಲಿ ಹೆನ್ರಿ ಫೋರ್ಡ್ ಅವರ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಚಲಿಸುವ ಜೋಡಣಾ ಸಾಲು ಆರಂಭವಾಯಿತು. ಸುಮಾರು ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದ ಚಾಸಿಯ ಜೋಡಣೆ 1914ರ ಹೊತ್ತಿಗೆ 93 ನಿಮಿಷಕ್ಕೆ ಇಳಿಯಿತು. ಕಾರು ಗಂಟೆಗಳಲ್ಲಿ ಸಿದ್ಧ, ಬಣ್ಣಕ್ಕೆ ಮಾತ್ರ ವಾರಗಳು! ನೀವೇ ಲೆಕ್ಕ ಹಾಕಿ: ದಿನಕ್ಕೆ 1,000 ಕಾರು ತಯಾರಾಗಿ, ಪ್ರತಿಯೊಂದೂ ಒಣಗಲು 20 ದಿನ ಕಾಯಬೇಕಾದರೆ 20,000 ಕಾರುಗಳಿಗೆ ಸೂರು ಒದಗಿಸಬೇಕು.

ಫೋರ್ಡ್ ಕಂಪನಿ ಕಂಡುಕೊಂಡ ದಾರಿ ಕಪ್ಪು ಬಣ್ಣ. 1908ರಲ್ಲಿ ಬಂದ ಮಾಡೆಲ್ ಟಿ ಮೊದಲು ಬೇರೆ ಬಣ್ಣಗಳಲ್ಲೂ ದೊರೆಯುತ್ತಿತ್ತು. 1914ರಿಂದ 1925ರವರೆಗೆ ಕಪ್ಪು ಒಂದೇ. ಡಾಂಬರಿನಂಥ ಖನಿಜ ಬೆರೆಸಿದ ಈ ಬಣ್ಣ ಅಗ್ಗವಾಗಿತ್ತು, ಗಟ್ಟಿಯಾಗಿತ್ತು. ಅದನ್ನು ಹಚ್ಚಿದ ಲೋಹದ ಬಿಡಿಭಾಗಗಳನ್ನು ಒಲೆಯಲ್ಲಿಟ್ಟು ಬೇಗ ಒಣಗಿಸಬಹುದಾಗಿತ್ತು.

ನಿಜವಾದ ತಿರುವು ಬಂದದ್ದು 1923ರಲ್ಲಿ. ಡ್ಯೂಪಾಂಟ್ ಕಂಪನಿಯ 'ಡ್ಯೂಕೋ' ಎಂಬ ಲ್ಯಾಕರ್ ಅನ್ನು ಜನರಲ್ ಮೋಟಾರ್ಸ್ ತನ್ನ ಓಕ್‌ಲ್ಯಾಂಡ್ ಕಾರುಗಳಿಗೆ ಹಚ್ಚಿತು. ನೀಲಿ ಬಣ್ಣದ ಆ ಕಾರುಗಳು 1924ರ ಮಾದರಿಗಳಾಗಿ ಮಾರುಕಟ್ಟೆಗೆ ಬಂದವು. ಡ್ಯೂಕೋದ ಮೂಲವಸ್ತು ನೈಟ್ರೋಸೆಲ್ಯುಲೋಸ್. ಹತ್ತಿಯಂಥ ಸೆಲ್ಯುಲೋಸಿನ ಮೇಲೆ ನೈಟ್ರಿಕ್ ಆಮ್ಲ ವರ್ತಿಸಿದಾಗ ದೊರೆಯುವ ವಸ್ತು ಇದು. ಹೊಗೆರಹಿತ ಸಿಡಿಮದ್ದಿನಲ್ಲಿ ಇರುವುದೂ ಇದೇ, ಹಳೆಯ ಕಾಲದ ಸಿನಿಮಾ ರೀಲು ಮಾಡುತ್ತಿದ್ದುದೂ ಇದರಿಂದಲೇ. ಇದನ್ನು ಕರಗಿಸಿದ ದ್ರಾವಕ ಆವಿಯಾದರೆ ಸಾಕು, ಬಣ್ಣ ಒಣಗಿದಂತೆ. ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು, ಬಗೆಬಗೆಯ ಬಣ್ಣಗಳು ಮರಳಿ ಬಂದವು.

ಆದರೆ ಒಂದು ವಿಷಯ ಗಮನಿಸಿ. ಇಷ್ಟು ಬೇಗ ಒಣಗುವ ಬಣ್ಣದಲ್ಲಿ ಬ್ರಷ್ಷಿನ ಗೆರೆಗಳು ಹಾಗೆಯೇ ಉಳಿದುಬಿಡುತ್ತವೆ. ಅದಕ್ಕೆ ಸಿಂಪಡಿಸುವ ಗನ್ ಬೇಕು, ಗಾಳಿ ಒತ್ತುವ ಕಂಪ್ರೆಸರ್ ಬೇಕು. 1920ರ ದಶಕದ ಅಮೆರಿಕದ ಪತ್ರಿಕೆಗಳಲ್ಲಿ ಮನೆಯಲ್ಲೇ ಕಾರಿಗೆ ಬಳಿಯುವ ಎನಾಮಲ್ ಡಬ್ಬಿಗಳ ಜಾಹೀರಾತುಗಳಿದ್ದವು. ಕ್ರಮೇಣ ಈ ಕೆಲಸ ಮನೆಯಂಗಳ ಬಿಟ್ಟು ಯಂತ್ರವಿದ್ದವರ ಕೈಸೇರಿತು.

ಡಬ್ಬಿಯಲ್ಲಿ ಉಳಿದ ಎಣ್ಣೆ

ಹಾಗೆಂದು ಎಣ್ಣೆ ಬಣ್ಣ ಸಾಯಲಿಲ್ಲ. ಜನರಲ್ ಎಲೆಕ್ಟ್ರಿಕ್ ಕಂಪನಿಯ ರಸಾಯನಶಾಸ್ತ್ರಜ್ಞ ರಾಯ್ ಕೀನ್ಲ್ ಅವರು 1920ರ ದಶಕದಲ್ಲಿ ಆಲ್ಕೋಹಾಲು, ಆಮ್ಲಗಳನ್ನು ಎಣ್ಣೆಯೊಡನೆ ಕೂಡಿಸಿ ಹೊಸ ರಾಳ ತಯಾರಿಸಿ, ಅದಕ್ಕೆ 'ಆಲ್ಕಿಡ್' ಎಂದು ಹೆಸರಿಟ್ಟರು. ಇಂದು ಅಂಗಡಿಯಲ್ಲಿ ಸಿಗುವ ಸಿಂಥೆಟಿಕ್ ಎನಾಮಲ್ ಸಾಮಾನ್ಯವಾಗಿ ಇದೇ ವಂಶದ್ದು. ಇದು ಕೂಡ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ನಮ್ಮ ಲಾರಿಗಳ ಮೈಮೇಲೆ ಕಲಾವಿದರು ಬ್ರಷ್ಷಿನಿಂದ ಬಿಡಿಸುವ ಹೂವು, ಅಕ್ಷರಗಳನ್ನು ನೋಡಿ: ನಿಧಾನವಾಗಿ ಒಣಗುವುದರಿಂದಲೇ ಗೆರೆಗಳು ತಾವಾಗಿ ಹರಡಿಕೊಂಡು ಮೈ ಸಮನಾಗುತ್ತದೆ. ಕಾರ್ಖಾನೆಗೆ ದೋಷವಾದದ್ದು ಇಲ್ಲಿ ಗುಣ.

ಮನೆಯಲ್ಲಿ ಕಾರಿಗೆ ಬಳಿಯುವವರು ನೆನಪಿಡಬೇಕಾದದ್ದು ಇಷ್ಟು. ಮೊದಲು ಜಿಡ್ಡು, ತುಕ್ಕು ತೆಗೆದು, ಲೋಹ ಕಾಣುವಲ್ಲಿ ಪ್ರೈಮರ್ ಹಚ್ಚಬೇಕು. ಬಣ್ಣವನ್ನು ಟರ್ಪೆಂಟೈನಿನಿಂದ ಸ್ವಲ್ಪ ತಿಳಿಯಾಗಿಸಿ ತೆಳುವಾಗಿ ಬಳಿಯಬೇಕು. ದಪ್ಪ ಬಳಿದರೆ ಮೇಲ್ಭಾಗ ಮಾತ್ರ ಕೆನೆಗಟ್ಟುತ್ತದೆ. ಒಳಗೆ ಆಮ್ಲಜನಕ ತಲುಪದೆ ಮೆತ್ತಗೆ ಉಳಿದು ಬಣ್ಣ ಸುಕ್ಕಾಗುತ್ತದೆ. ಪದರಗಳ ನಡುವೆ ಕನಿಷ್ಠ ಒಂದು ದಿನ ಬಿಟ್ಟು ನಯವಾದ ಎಮರಿ ಕಾಗದದಿಂದ ಉಜ್ಜಬೇಕು. ಕಾರ್ಖಾನೆಯ ಹೊಳಪು ಬಾರದು; ಬಿಸಿಲಿಗೆ ಬೇಗ ಮಂಕಾಗುವುದೂ ಉಂಟು. ಬಣ್ಣವೇ ಬದಲಾದರೆ ಆರ್‌ಟಿಓ ಕಚೇರಿಗೆ ತಿಳಿಸಬೇಕು, ಏಕೆಂದರೆ ನೋಂದಣಿ ಪತ್ರದಲ್ಲಿ ಬಣ್ಣವೂ ದಾಖಲಾಗಿರುತ್ತದೆ.

ಅಗ್ಗದ ಕೆಲಸದಲ್ಲಿ ಎರಡು ಅಪಾಯಗಳು ಅಡಗಿವೆ. ಮೊದಲನೆಯದು ಸೀಸ. ಭಾರತದಲ್ಲಿ ಮನೆಬಳಕೆಯ ಹಾಗೂ ಅಲಂಕಾರಿಕ ಬಣ್ಣಗಳಲ್ಲಿ ಸೀಸದ ಪ್ರಮಾಣ ದಶಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ಬಂದದ್ದು 2016ರಲ್ಲಿ. ಹಳೆಯ ಕಾರಿನ ಪದರಗಳಲ್ಲಿ ಸೀಸ ಇರಬಹುದು. ಒಣಗಿದಂತೆಯೇ ಉಜ್ಜಿದರೆ ಆ ಧೂಳು ಶ್ವಾಸಕೋಶ ಸೇರುತ್ತದೆ. ಮಕ್ಕಳ ಮೆದುಳಿಗೆ ಅದು ವಿಷ. ಆದ್ದರಿಂದ ನೀರು ಹಾಕಿಯೇ ಉಜ್ಜಬೇಕು, ಮಕ್ಕಳು ದೂರವಿರಬೇಕು, ಆ ಕೆಸರನ್ನು ಅಂಗಳಕ್ಕೆ ಹರಿಯಬಿಡಬಾರದು. ಎರಡನೆಯದು ಬೆಂಕಿ. ಆಮ್ಲಜನಕ ಹೀರುವಾಗ ಎಣ್ಣೆ ಶಾಖವನ್ನು ಬಿಡುತ್ತದೆ. ಅಗಸೆ ಎಣ್ಣೆ ಅಂಟಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಆ ಶಾಖ ಹೊರಹೋಗದೆ, ಯಾರೂ ಕಡ್ಡಿ ಗೀರದಿದ್ದರೂ ಹೊತ್ತಿಕೊಳ್ಳಬಹುದು. ಅಂಥ ಬಟ್ಟೆಗಳನ್ನು ನೀರಿನಲ್ಲಿ ನೆನೆಸಿಡಬೇಕು.

ನಿಮ್ಮ ಪ್ರಯೋಗಾಲಯದಲ್ಲೇ ಇದನ್ನು ಪರೀಕ್ಷಿಸಬಹುದು. ಗಾಜಿನ ಪಟ್ಟಿಯ ಮೇಲೆ ಅಗಸೆ ಎಣ್ಣೆಯನ್ನು ತೆಳುವಾಗಿ ಸವರಿ, ಸೂಕ್ಷ್ಮ ತಕ್ಕಡಿಯಲ್ಲಿ ತೂಗಿ, ಧೂಳು ಬೀಳದಂತೆ ಗಾಳಿಯಲ್ಲಿಡಿ. ದಿನವೂ ತೂಗಿ ಬರೆದಿಡಿ. ಒಣಗುತ್ತಿರುವ ವಸ್ತುವಿನ ತೂಕ ಇಳಿಯುವ ಬದಲು ಏರುವುದನ್ನು ಕಂಡಾಗ, ಕಾರ್ಖಾನೆಗಳಿಗೆ ಕಾಯಲಾಗದೆ ಹೋದದ್ದು ಯಾವುದಕ್ಕಾಗಿ ಎಂಬುದು ನಿಮಗೇ ತಿಳಿಯುತ್ತದೆ.