ಮರ್ರೆ ನದಿಯ ನೀರೂ ಅದರ ಹಕ್ಕುದಾರರೂ



ಆಸ್ಟ್ರೇಲಿಯಾ ಎಂದರೆ ಕಾಂಗರೂ, ಕುರಿ, ಕ್ರಿಕೆಟ್ಟು, ಇಷ್ಟೇ ಅಂತ ನಮ್ಮಲ್ಲಿ ಹಲವರ ಎಣಿಕೆ. ಆ ದೇಶದ ಆಗ್ನೇಯ ಭಾಗದಲ್ಲಿ ಮರ್ರೆ ಎಂಬ ನದಿ ಸುಮಾರು 2,500 ಕಿಲೋಮೀಟರು ಹರಿದು ಸಮುದ್ರ ಸೇರುತ್ತದೆ. ಅದರ ದಂಡೆಗೆ ಪ್ರವಾಸಿಗಳು ಬಹಳ. ಎಚೂಕಾ ಊರಿನಲ್ಲಿ ದೊಡ್ಡ ಚಕ್ರ ತಿರುಗಿಸುತ್ತಾ ಸಾಗುವ ಹಳೆಯ ಉಗಿದೋಣಿಗಳನ್ನು ಹತ್ತುತ್ತಾರೆ. ಅವುಗಳಲ್ಲೊಂದಾದ ‘ಅಡಿಲೇಡ್’ 1866ರಲ್ಲಿ ಕಟ್ಟಿದ್ದು. ನಮ್ಮಂಥವರು ನೋಡಬೇಕಾದದ್ದು ಮಾತ್ರ ಬೇರೆ. ಅದು ಮಿಲ್ಡೂರಾ ಊರಿನ ಬಳಿಯ ಸೈಕಿ ಬೆಂಡ್ ಎಂಬಲ್ಲಿರುವ ಹಳೆಯ ಪಂಪು ಮನೆ.

ಅದರ ಕಥೆ ಹೀಗಿದೆ. 1885ರಲ್ಲಿ ವಿಕ್ಟೋರಿಯಾ ಪ್ರಾಂತದ ಮಂತ್ರಿ ಆಲ್ಫ್ರೆಡ್ ಡೀಕಿನ್ ನೀರಾವರಿ ನೋಡಲು ಕ್ಯಾಲಿಫೋರ್ನಿಯಾಕ್ಕೆ ಹೋದರು. ಅಲ್ಲಿ ಕಾಲುವೆ ಕಟ್ಟಿ ಹೆಸರು ಮಾಡಿದ್ದ ಜಾರ್ಜ್ ಮತ್ತು ವಿಲಿಯಂ ಚಾಫೀ ಎಂಬ ಅಣ್ಣತಮ್ಮಂದಿರು ಈ ಕಡೆ ಬಂದು, 1887ರಲ್ಲಿ ಮಿಲ್ಡೂರಾದಲ್ಲಿ ಕೆಲಸ ಹಿಡಿದರು. ಅದೇನೂ ಹಾಳುಬಿದ್ದ ನೆಲವಾಗಿರಲಿಲ್ಲ. ಮೂಲನಿವಾಸಿಗಳು ಅಲ್ಲಿ ಬಾಳುತ್ತ ಬಂದು ಎಷ್ಟೋ ಕಾಲವಾಗಿತ್ತು. ಹತ್ತಿರದ ಮಂಗೊ ಸರೋವರದ ಒಣ ದಂಡೆಯಲ್ಲಿ 1968ರಲ್ಲಿ ಸಿಕ್ಕ ಮಾನವ ಅವಶೇಷ ಸುಮಾರು 40,000 ವರ್ಷ ಹಳೆಯದು. ಇರಲಿ. ಜಾರ್ಜ್ ತಾನೇ ನಕ್ಷೆ ಹಾಕಿದ ಉಗಿಯಂತ್ರ 1891ರಲ್ಲಿ ನದಿಯ ನೀರನ್ನು ಮೇಲಕ್ಕೆತ್ತಿತು. ದ್ರಾಕ್ಷಿ ಬಂತು.

ತೊಂದರೆಯೂ ಬಂತು. ನಮ್ಮ ಗದ್ದೆಯ ಬದುವನ್ನು ಏಡಿ ಕೊರೆಯುವುದಿಲ್ಲವೇ? ಅಲ್ಲಿ ಯಾಬಿ ಎಂಬ ಸಿಗಡಿಯಂಥ ಪ್ರಾಣಿ ಕಾಲುವೆಯ ಏರಿಯನ್ನು ತೂತು ಮಾಡಿತು, ನೀರು ಸೋರಿಹೋಯಿತು. ರೈಲಿಲ್ಲ. ನದಿ ಇಳಿದರೆ ದೋಣಿಯೂ ಇಲ್ಲ, ಹಣ್ಣು ಕೊಳೆಯಬೇಕು. 1893ರಲ್ಲಿ ಬ್ಯಾಂಕುಗಳು ಬಾಗಿಲು ಹಾಕಿದವು. 1895ರಲ್ಲಿ ಕಂಪನಿಯೇ ಮುಳುಗಿತು. ಅಣ್ಣ ಅಮೆರಿಕಾಕ್ಕೆ ಮರಳಿದ. ತಮ್ಮ ಅಲ್ಲೇ ಉಳಿದು ತೋಟ ಮಾಡಿದ. 1920ರಲ್ಲಿ ಮಿಲ್ಡೂರಾದ ಮೊದಲ ಮೇಯರ್ ಆದ. ಇಬ್ಬರಲ್ಲಿ ನನಗೆ ಹೆಚ್ಚು ಗೌರವ ಈ ತಮ್ಮನ ಮೇಲೆಯೇ.

ಆಮೇಲೆ ನದಿಯನ್ನು ಕಟ್ಟಿಹಾಕುವ ಕೆಲಸ ಜೋರಾಯಿತು. 1915ರಲ್ಲಿ ಮೂರು ರಾಜ್ಯಗಳೂ ಕೇಂದ್ರ ಸರ್ಕಾರವೂ ನೀರಿನ ಒಪ್ಪಂದ ಮಾಡಿಕೊಂಡವು. 1936ರಲ್ಲಿ ಹ್ಯೂಮ್ ಅಣೆಕಟ್ಟು ಮುಗಿಯಿತು. 1940ರಲ್ಲಿ ಸಮುದ್ರದ ಉಪ್ಪುನೀರು ಒಳನುಗ್ಗದಂತೆ ನದೀಮುಖದ ಬಳಿ ತಡೆಗಟ್ಟೆಗಳೂ ಆದವು.

ಇಲ್ಲಿಯತನಕ ಕೇಳಿದರೆ ಯಾವ ರೈತನಿಗೂ ಸಂತೋಷವೇ. ಆದರೆ ಅದೇ ನದಿಯನ್ನು ನಂಬಿದ ಬೇರೆ ಜೀವಗಳಿದ್ದವು. ಅಲ್ಲಿ ಋತುಗಳು ತಿರುಗುಮುರುಗು. ನಮ್ಮ ಮಾಗಿ ಅವರಿಗೆ ಬೇಸಿಗೆ. ಮೊದಲು ಚಳಿಗಾಲ, ವಸಂತಗಳಲ್ಲಿ ಪ್ರವಾಹ ಬಂದು, ಬೇಸಿಗೆಯಲ್ಲಿ ನದಿ ಇಳಿಯುತ್ತಿತ್ತು. ಅಣೆಕಟ್ಟು ಚಳಿಗಾಲದ ನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲಿ ಬೆಳೆಗೆ ಬಿಟ್ಟಿತು. ಬಾರ್ಮಾ ಎಂಬಲ್ಲಿ ರೆಡ್ ಗಮ್ ಮರದ ಮಹಾ ಕಾಡಿದೆ. ನಮ್ಮಲ್ಲಿ ನೀಲಗಿರಿ ಎಂದು ನೆಡುತ್ತೇವಲ್ಲ, ಅದೇ ಕುಲದ್ದು. ಹಕ್ಕಿಗೂ ಮರಕ್ಕೂ ಅಲ್ಲಿ ಪ್ರವಾಹವೇ ಹಂಗಾಮು. ಬಾಗುಕೊಕ್ಕಿನ ಐಬಿಸ್ ನೀರು ನಿಂತಾಗ ಗೂಡು ಕಟ್ಟುತ್ತದೆ. ನೀರು ಬೇಗ ಇಳಿದರೆ ಮೊಟ್ಟೆ ಮರಿಗಳನ್ನು ಬಿಟ್ಟು ಹೋಗಿಬಿಡುತ್ತದೆ.

ಮೀನಿನ ಪಾಡು ನೋಡಿ. ಮರ್ರೆ ಕಾಡ್ ಎಂಬ ಮೀನು ನೂರು ಕಿಲೋ ದಾಟಿ ಬೆಳೆದದ್ದುಂಟು. ನೀರಿನಲ್ಲಿ ಬಿದ್ದ ಮರದ ಪೊಟರೆಯಂಥ ಕಡೆ ಮೊಟ್ಟೆ ಇಡುತ್ತದೆ, ಗಂಡುಮೀನು ಕಾವಲು ಕೂರುತ್ತದೆ. ಉಗಿದೋಣಿಗೆ ಅಡ್ಡವೆಂದು ಆ ದಿಮ್ಮಿಗಳನ್ನೆಲ್ಲ ಎತ್ತಿಹಾಕಿದರು. ಈಚಿನ ವರ್ಷಗಳಲ್ಲಿ ದುಡ್ಡು ಕೊಟ್ಟು ದಿಮ್ಮಿಗಳನ್ನು ಮತ್ತೆ ನದಿಗೇ ಇಳಿಸಿದ್ದಾರೆ!

ಕಾಲುವೆಯ ಕೊನೆಯ ರೈತನ ಗೋಳು ನಮಗೆ ಗೊತ್ತಿದ್ದದ್ದೇ. ಮರ್ರೆ ನದಿಯಲ್ಲಿ ಆ ಕೊನೆಯ ಪಾಲುದಾರರು ಕೂರಾಂಗ್ ಹಿನ್ನೀರಿನ ಹೆಜ್ಜಾರ್ಲೆ ಹಕ್ಕಿಗಳು. 1981ರಲ್ಲಿ ನದೀಮುಖ ಮರಳಿನಿಂದ ಮುಚ್ಚಿಯೇ ಹೋಯಿತು. 2002ರಲ್ಲಿ ಅದನ್ನು ತೆರೆದಿಡಲು ಯಂತ್ರದಿಂದ ಮರಳು ತೋಡಬೇಕಾಯಿತು. ಆ ದೀರ್ಘ ಬರದಲ್ಲಿ ನೂರಾರು ವರ್ಷದ ರೆಡ್ ಗಮ್ ಮರಗಳು ನಿಂತಲ್ಲೇ ಒಣಗಿದವು.

ಕೊನೆಗೆ 2007ರ ಕಾನೂನು ನದಿಗಾಗಿಯೇ ನೀರಿನ ಹಕ್ಕು ಹಿಡಿಯುವ ಒಬ್ಬ ಅಧಿಕಾರಿಯನ್ನು ನೇಮಿಸಿತು. ಮಾರುವ ರೈತರಿಂದ ಸರ್ಕಾರ ಹಕ್ಕುಗಳನ್ನು ಕೊಂಡಿತು. ಬರ ಬಂದರೆ ರೈತನ ಪಾಲು ಕಡಿತವಾದಂತೆ ಈ ಪಾಲೂ ಕಡಿತವಾಗುತ್ತದೆ. ಆದರೂ 2010ರಲ್ಲಿ ನೀರು ಹಂಚಿಕೆಯ ಕರಡು ಹೊರಬಂದಾಗ, ಗ್ರಿಫಿತ್ ಊರಿನಲ್ಲಿ ಜನ ಅದರ ಪ್ರತಿಗಳನ್ನು ಸುಟ್ಟರು. ಸಾಲ ಮಾಡಿ ತೋಟ ಹಾಕಿದವರ ಸಿಟ್ಟನ್ನು ನಾನು ತಪ್ಪೆನ್ನಲಾರೆ. ಒಬ್ಬ ನೀರು ಮಾರಿ ಹೋದರೆ ಊರಿನ ಅಂಗಡಿ, ಶಾಲೆಗಳಿಗೂ ಏಟು. ಆದರೂ ಕೊನೆಯ ಪಾಲುದಾರ ಹಕ್ಕಿಯೆಂಬ ಕಾರಣಕ್ಕೆ ಅವನ ಪಾಲು ಇಲ್ಲವಾಗುವುದಿಲ್ಲ. 2012ರಲ್ಲಿ ಯೋಜನೆ ಕಾನೂನಾಯಿತು.

ಮಿಲ್ಡೂರಾದಿಂದ ದಕ್ಷಿಣಕ್ಕೆ ಹೋದರೆ ಹಾಟಾ ಕೆರೆಗಳಿವೆ. ಈಗ ನದಿಯ ನೀರು ಮೊದಲಿನಂತೆ ತಾನೇ ತುಂಬಿ ಅಲ್ಲಿಗೆ ಹೋಗುವುದು ಅಪರೂಪ. ಅದಕ್ಕೇ 2013ರ ಸುಮಾರಿಗೆ ಅಲ್ಲಿಯೂ ಪಂಪು ಕೂರಿಸಿದರು, ದ್ರಾಕ್ಷಿಗಲ್ಲ, ಮರಕ್ಕೆ. ಕೆರೆ ತುಂಬಿದ ಮೇಲೆ ನೀರನ್ನು ಸದಾ ನಿಲ್ಲಿಸಿ ಇಡುವುದಿಲ್ಲ, ಇಂಗಿ ಇಳಿಯಲು ಬಿಡುತ್ತಾರೆ. ರೆಡ್ ಗಮ್ ಬೇರಿಗೆ ನೆನೆಯುವುದೂ ಬೇಕು, ಒಣಗುವುದೂ ಬೇಕು.