ಜರ್ಮನಿಯಲ್ಲಿ ಎಂ.ಎಸ್. ಪೂರ್ತಿ ಉಚಿತವೇ? ಫಾರ್ವರ್ಡ್ ಮಾಡುವ ಮುನ್ನ ಓದಿ

‘ಜರ್ಮನಿಯಲ್ಲಿ ಎಂ.ಎಸ್. ಪೂರ್ತಿ ಉಚಿತ, ಕೈಯಿಂದ ಒಂದು ರೂಪಾಯಿಯೂ ಬೇಡ’ ಎಂಬ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಇದರಲ್ಲಿ ಅರ್ಧ ಮಾತ್ರ ನಿಜ.

ಅಲ್ಲಿನ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳು ಬೋಧನಾ ಶುಲ್ಕ ಪಡೆಯುವುದಿಲ್ಲ, ನಿಜ. ಸೆಮಿಸ್ಟರ್‌ಗೊಮ್ಮೆ ಸಾಮಾನ್ಯವಾಗಿ 100ರಿಂದ 400 ಯೂರೋ ಕಟ್ಟಿದರೆ ಸಾಕು. ಆದರೆ ಸ್ಟುಟ್‌ಗಾರ್ಟ್, ಹೈಡೆಲ್‌ಬರ್ಗ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಐರೋಪ್ಯ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಶುಲ್ಕ ವಿಧಿಸಿದೆ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯ 2024ರಲ್ಲಿ ಇದೇ ದಾರಿ ಹಿಡಿಯಿತು. ಅಲ್ಲಿ ಸ್ನಾತಕೋತ್ತರಕ್ಕೆ 4,000ದಿಂದ 6,000 ಯೂರೋ. ಎಂಬಿಎ, ಖಾಸಗಿ ಕಾಲೇಜುಗಳ ಮಾತು ಬಿಡಿ.

ಫಾರ್ವರ್ಡ್ ಹೇಳದೆ ಬಿಡುವ ದೊಡ್ಡ ಸಂಗತಿ ‘ಬ್ಲಾಕ್ಡ್ ಅಕೌಂಟ್’. ಅಲ್ಲಿ ಬದುಕಲು ಹಣವಿದೆ ಎಂದು ವೀಸಾ ಅಧಿಕಾರಿಗೆ ತೋರಿಸಬೇಕು. 2024ರ ಸೆಪ್ಟೆಂಬರ್‌ನಿಂದ ಈ ಮೊತ್ತ ವರ್ಷಕ್ಕೆ 11,904 ಯೂರೋ, ಅಂದರೆ ಹತ್ತು ಲಕ್ಷ ರೂಪಾಯಿಗೂ ಹೆಚ್ಚು. ಇದು ಶುಲ್ಕವಲ್ಲ, ನಿಮ್ಮದೇ ಹಣ. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋದಂತೆ ನಿಮಗೇ ಸಿಗುತ್ತದೆ. ಆದ್ದರಿಂದ ‘ವೀಸಾಗೆ ಹತ್ತು ಲಕ್ಷ ಫೀಸ್’ ಎಂದು ಏಜೆಂಟ್ ಹೇಳಿದರೆ ಅದು ಸುಳ್ಳು. ಆದರೆ ಎರಡನೇ ವರ್ಷ ವಾಸದ ಪರವಾನಗಿ ನವೀಕರಿಸುವಾಗ ಮತ್ತೆ ಹಣ ತೋರಿಸಬೇಕು. ಎಷ್ಟೋ ಮನೆಗಳ ಲೆಕ್ಕ ಎಡವುವುದು ಇಲ್ಲೇ.

ಹಾಗಾದರೆ ಹಣ ಎಲ್ಲಿಂದ? ಜರ್ಮನ್ ವಿದ್ಯಾರ್ಥಿಗಳಿಗಿರುವ ‘ಬಾಫೋಗ್’ ನೆರವು ಓದಲೆಂದೇ ಹೊಸದಾಗಿ ಬಂದ ವಿದೇಶಿಯರಿಗೆ ಸಾಮಾನ್ಯವಾಗಿ ಸಿಗದು. ‘ಡಾಯ್ಚ್‌ಲಾಂಡ್‌ಸ್ಟಿಪೆಂಡಿಯಂ’ಗೆ ಯಾವ ದೇಶದವರೂ ಅರ್ಜಿ ಹಾಕಬಹುದು, ತಿಂಗಳಿಗೆ 300 ಯೂರೋ. ಡಾಡ್ ವಿದ್ಯಾರ್ಥಿವೇತನ ಸಿಕ್ಕರೆ ಬ್ಲಾಕ್ಡ್ ಅಕೌಂಟ್ ಬದಲು ಅದರ ಪತ್ರವನ್ನೇ ತೋರಿಸಬಹುದು. ಆದರೆ ಅದರ ಅಭಿವೃದ್ಧಿ ಸಂಬಂಧಿತ ಕೋರ್ಸ್‌ಗಳಿಗೆ ಎರಡು ವರ್ಷದ ಕೆಲಸದ ಅನುಭವ ಬೇಕು.

ಇಲ್ಲಿಂದಲೂ ದಾರಿಗಳಿವೆ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕ ಮತ್ತು ಸಾಂಪ್ರದಾಯಿಕ ಕುಶಲಕರ್ಮಿ ಕುಟುಂಬಗಳಿಗೆ. ವಾರ್ಷಿಕ ಆದಾಯ 8 ಲಕ್ಷ ಮೀರಬಾರದು. ‘ಪಿಎಂ ವಿದ್ಯಾಲಕ್ಷ್ಮಿ’ ಸಾಲ ವಿದೇಶಕ್ಕೂ ಸಿಗುತ್ತದೆ ಎಂಬುದು ತಪ್ಪು, ಅದು ದೇಶದೊಳಗಿನ ಆಯ್ದ ಸಂಸ್ಥೆಗಳಿಗೆ ಮಾತ್ರ. ಸಾಮಾನ್ಯ ಶಿಕ್ಷಣ ಸಾಲ ಪಡೆದರೆ ಬಡ್ಡಿಗೆ 80ಇ ಕಲಮಿನಡಿ ಎಂಟು ವರ್ಷ ತೆರಿಗೆ ವಿನಾಯಿತಿ ಇದೆ, ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಮಾತ್ರ.

‘ಪಾರ್ಟ್‌ಟೈಮ್ ಕೆಲಸದಲ್ಲೇ ಎಲ್ಲ ತೀರುತ್ತದೆ’ ಎನ್ನುವವರಿಗೆ ಒಂದು ಮಾತು: ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಲು ಅವಕಾಶವಿದೆ, ಆದರೆ ಮುಂದೆ ಸಿಗಬಹುದಾದ ಆ ಸಂಬಳವನ್ನು ವೀಸಾ ಅರ್ಜಿಯಲ್ಲಿ ಬ್ಲಾಕ್ಡ್ ಅಕೌಂಟ್ ಬದಲಿಗೆ ತೋರಿಸಲಾಗದು.